ಪುಣ್ಯಕೋಟಿ ‘ಒಳ್ಳೆಯ ಹಸು’, ಅರ್ಭುತ ‘ಕೆಟ್ಟ ಹುಲಿ’: ಪಾತ್ರಚಿತ್ರಣ ಅಂದ್ರೆ ಇಷ್ಟೇನಾ?

ಕರಿಹಲಗೆ:
ಎಲ್ಲರಿಗೂ ನಮಸ್ಕಾರ. 5ನೇ ತರಗತಿಯ ಮಕ್ಕಳಿಗೆ ಗೋವಿನ ಹಾಡು ಇಟ್ಟುಕೊಂಡು ಪಾತ್ರಗಳ ಬಗ್ಗೆ ಬರೆಸಬೇಕು. ಯಾರನ್ನು ಕೇಳಿದರೂ ಉತ್ತರ ಎರಡೇ ಸಾಲು. ‘ಪುಣ್ಯಕೋಟಿ ಸತ್ಯವಂತೆ. ಹುಲಿ ದುಷ್ಟ, ಆಮೇಲೆ ಒಳ್ಳೆಯದಾಯಿತು.’ ಗೈಡುಗಳಲ್ಲೂ ಇದೇ ಇದೆ. ಆದರೆ ಈ ಉತ್ತರದಲ್ಲಿ ಪುಣ್ಯಕೋಟಿಯ ಹೆಸರು ತೆಗೆದು ಹರಿಶ್ಚಂದ್ರನ ಹೆಸರು ಹಾಕಿದರೂ ನಡೆಯುತ್ತದೆ. ಹಾಗಾದರೆ ಅದು ಪುಣ್ಯಕೋಟಿಯ ಬಗ್ಗೆ ಹೇಳಿದ್ದು ಹೇಗಾಯಿತು?

ನನ್ನ ಪ್ರಶ್ನೆ ಇಷ್ಟು: ಈ ಹಾಡಿನಲ್ಲಿ ಒಂದೊಂದು ಪಾತ್ರಕ್ಕೂ ಅದರದೇ ಆದ ವ್ಯಕ್ತಿತ್ವ ಇದೆಯೇ, ಅಥವಾ ಎಲ್ಲವೂ ಬರೀ ನೀತಿಯ ಗೊಂಬೆಗಳೇ? ಇದ್ದರೆ ಹತ್ತು ವರ್ಷದ ಮಗುವಿಗೆ ಅದು ಕಾಣುವ ಹಾಗೆ ತೋರಿಸುವುದು ಹೇಗೆ? ಪದ್ಯದ ಸಾಲು ಹಿಡಿದು ಹೇಳಿದರೆ ಉಪಕಾರ.

ಗಾಳಿಗೋಪುರ:
ಗೊಂಬೆಗಳೇ ಸರ್. ಜನಪದ ಕಥೆಯಲ್ಲಿ ವ್ಯಕ್ತಿತ್ವ ಹುಡುಕೋದು ಕಾದಂಬರಿ ಓದಿದವರ ಚಾಳಿ. ಹಸು ಸತ್ಯ, ಹುಲಿ ಹಸಿವು, ಗೊಲ್ಲ ದುಡಿಮೆ. ಮುಗೀತು.

ಪುಟತಿರುವು:
ಗಾಳಿಗೋಪುರ ಅವರೇ, ಅಷ್ಟು ಬೇಗ ಮುಗಿಸಬೇಡಿ. ಹುಲಿ ಹಸುವನ್ನು ಏನೇನೆಂದು ಕರೆಯುತ್ತದೆ ಅಂತ ಒಂದೊಂದಾಗಿ ನೋಡಿ.

ಕಂಡ ಕೂಡಲೇ ‘ಇಂದು ಎನಗೆ ಆಹಾರ ಸಿಕ್ಕಿತು’. ಆಗ ಅವಳು ಆಹಾರ.
ಹೋಗಿ ಬರುತ್ತೇನೆ ಎಂದು ಅವಳು ಬೇಡಿದಾಗ ‘ಹಸಿದ ವೇಳೆಗೆ ಸಿಕ್ಕಿದೊಡವೆಯ’. ಆಗ ಒಡವೆ, ಅಂದರೆ ಕೈಗೆ ಸಿಕ್ಕಿದ ಸೊತ್ತು.
ಅವಳು ಮಾತು ಉಳಿಸಿಕೊಂಡು ಬಂದ ಮೇಲೆ ‘ಕನ್ನೆಯಿವಳನು ಕೊಂದು ತಿಂದರೆ’. ಈಗ ‘ಇವಳು’ ಬಂತು.
ಕೊನೆಗೆ ‘ಎನ್ನ ಒಡಹುಟ್ಟಕ್ಕ ನೀನು’.

ಆಹಾರ, ಒಡವೆ, ಇವಳು, ಅಕ್ಕ. ಹುಲಿಯ ಮನಸ್ಸು ಬದಲಾದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕೇ? ‘ಹುಲಿ ಪಶ್ಚಾತ್ತಾಪಪಟ್ಟಿತು’ ಅಂತ ಕವಿ ಎಲ್ಲೂ ವರದಿ ಒಪ್ಪಿಸಿಲ್ಲ. ಕರೆಯುವ ಪದ ಬದಲಾಯಿಸಿ ತೋರಿಸಿದ್ದಾನೆ. ಹಲಗೆಯ ಮೇಲೆ ಈ ನಾಲ್ಕು ಪದಗಳನ್ನು ಮೇಲಿಂದ ಕೆಳಕ್ಕೆ ಬರೆದು ‘ಯಾರು ಯಾರಿಗೆ ಯಾವಾಗ ಹೇಳಿದ್ದು?’ ಅಂತ ಕೇಳಿದರೆ ಸಾಕು, ಮಕ್ಕಳೇ ಬಿಡಿಸುತ್ತಾರೆ.

ಸಂಪಿಗೆಮರ:
ಅಬ್ಬಾ, ‘ಒಡವೆ’ಯನ್ನು ಇಷ್ಟು ದಿನ ಆಭರಣ ಅಂತಲೇ ಅಂದುಕೊಂಡಿದ್ದೆ.

ಪುಟತಿರುವು:
ಮಕ್ಕಳೂ ಹಾಗೇ ಅಂದುಕೊಳ್ಳುತ್ತಾರೆ, ಅದಕ್ಕೇ ಮೊದಲು ಅರ್ಥ ಬಿಡಿಸಬೇಕು. ಹಳೆಯ ಬಳಕೆಯಲ್ಲಿ ಒಡವೆ ಅಂದರೆ ಒಡೆತನದ ವಸ್ತು. ‘ಗಬ್ಬಿತನ’ವೂ ಹಾಗೇ. ಹಸುವಿನ ಕಥೆಯಾದ್ದರಿಂದ ಅದನ್ನು ‘ಗಬ್ಬ’ದ ಜೊತೆ ಸೇರಿಸಿ ಗರ್ಭ ಅಂತ ಬರೆಯುವವರಿದ್ದಾರೆ. ಅಲ್ಲಿರುವುದು ಹುಲಿಯ ಕೊಬ್ಬು, ಸೊಕ್ಕು. ‘ಇದಕೋ’ ಅಂದರೆ ‘ಇದಕ್ಕೆ’ ಅಲ್ಲ, ‘ಇಗೋ, ತೆಗೆದುಕೋ’. ಈ ಮೂರು ಪದ ತಪ್ಪಿದರೆ ಇಬ್ಬರ ಸ್ವಭಾವವೂ ತಪ್ಪುತ್ತದೆ.

ದೊಡ್ಡಿಬಾಗಿಲು:
ನೋಡ್ರಿ, ಹುಲಿ ಬಗ್ಗೆ ಹೇಳಿದ್ರಿ, ಛಲೋ ಆತು. ಈಗ ಹಸುವಿನ ಕಡೆ ಬರ್ರಿ. ಸಾಯಾಕ ಹೋಗೂ ಮುಂದ ಪುಣ್ಯಕೋಟಿ ಉಳಿದ ಹಸುಗಳಿಗೆ ಏನ್ ಹೇಳ್ತದ?

‘ಮುಂದೆ ಬಂದರೆ ಹಾಯಬೇಡಿ
ಹಿಂದೆ ಬಂದರೆ ಒದೆಯಬೇಡಿ’

ದನ ಸಾಕಿದವರಿಗೆ ಈ ಎರಡು ಸಾಲು ಸಾಕ್ರಿ. ಆಕಳು ತನ್ನ ಕರುವನ್ನ ಮೂಸಿ ಗುರುತು ಹಿಡೀತದ. ಬ್ಯಾರೆ ಆಕಳ ಕರು ಕೆಚ್ಚಲಿಗೆ ಬಾಯಿ ಹಾಕಾಕ ಬಂದ್ರ ಬಿಡೂದಿಲ್ಲ. ಮುಂದಿಂದ ಬಂದ್ರ ಕೋಡಿಲೆ ಹಾಯ್ತದ, ಹಿಂದಿಂದ ಬಂದ್ರ ಕಾಲಿಲೆ ಒದೀತದ. ತಬ್ಬಲಿ ಕರುವಿಗೆ ಬರೂ ಖರೇ ಗಂಡಾಂತರ ಅದ. ಅದಕ್ಕ ‘ನನ್ನ ಮಗನನ್ನ ಪ್ರೀತಿಯಿಂದ ನೋಡಿಕೊಳ್ರಿ’ ಅಂತ ಸುಮ್ನ ಹೇಳಿ ಹೋಗಿಲ್ಲ ಆಕಿ. ಯಾವ ಕಡೆಯಿಂದ ಯಾವ ಪೆಟ್ಟು ಬೀಳ್ತದ ಅನ್ನೂದನ್ನ ಎಣಿಸಿ ಹೇಳ್ಯಾಳ. ಬರೀ ಸತ್ಯದ ಗೊಂಬೀಗೆ ಇದು ಹೊಳೀತದೇನು? ಹರಿಶ್ಚಂದ್ರನ ಬಾಯಾಗ ಈ ಮಾತು ಇಡಾಕ ಬರ್ತದೇನು? ಕರಿಹಲಗೆ ಅವರ ಪ್ರಶ್ನೆಗೆ ಇಲ್ಲೇ ಉತ್ತರ ಐತಿ.

ಬಿಂದಿಗೆ:
+1. ‘ಹಾಯುವುದು’ ಅಂದರೆ ಕೋಡಿನಿಂದ ತಿವಿಯುವುದು ಅಂತ ಪೇಟೆಯ ಮಕ್ಕಳಿಗೆ ಮೊದಲು ಹೇಳಿಕೊಡಬೇಕು. ಬಹಳ ಕಡೆ ‘ಹಾದು ಹೋಗಬೇಡಿ’ ಅಂತ ಅರ್ಥ ಬರೆದಿರುತ್ತಾರೆ.

ಗಾಳಿಗೋಪುರ:
ಸರಿ, ದೊಡ್ಡಿಬಾಗಿಲು ಅವರ ಮಾತು ಒಪ್ಪಿದೆ, ಅದು ಹಸುವಿನದೇ ಮಾತು. ಆದರೆ ಯಾವ ಹಸುವಾದರೂ ಹೇಳಬಹುದಾದ ಮಾತಲ್ಲವೇ? ಜಾತಿಗುಣ ಬೇರೆ, ವ್ಯಕ್ತಿಗುಣ ಬೇರೆ. ಪುಣ್ಯಕೋಟಿಗೆ ಮಾತ್ರ ಸೇರಿದ್ದು ಯಾವುದು, ಅದನ್ನು ಹೇಳಿ.

ಪುಟತಿರುವು:
ಅವಳು ಏನು ಕೇಳುವುದಿಲ್ಲ ಅನ್ನುವುದು. ಹುಲಿಯ ಎದುರು ಅವಳ ಬಿನ್ನಹ ಓದಿ. ‘ಒಂದು ಬಿನ್ನಹ ಹುಲಿಯೆ ಕೇಳೈ, ಕಂದನಿರುವನು ದೊಡ್ಡಿಯೊಳಗೆ, ಒಂದು ನಿಮಿಷದಿ ಮೊಲೆಯ ಕೊಟ್ಟು, ಬಂದು ಸೇರುವೆನಿಲ್ಲಿಗೆ.’ ‘ನನ್ನನ್ನು ಬಿಟ್ಟುಬಿಡು’ ಎಂಬ ಮಾತೇ ಇಲ್ಲ. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ವಿಷಯ, ಕಾರಣ, ಬೇಕಾದ ಹೊತ್ತು, ವಾಪಸಾಗುವ ಜಾಗ, ನಾಲ್ಕೇ ಸಾಲಿನಲ್ಲಿ ವ್ಯವಹಾರ ಮುಗಿಸುತ್ತಾಳೆ. ಬೇರೆ ಹಸುಗಳು ಏನು ಮಾಡಿದವು? ಹುಲಿಯ ಆರ್ಭಟಕ್ಕೆ ಹೆದರಿ ‘ಚದುರಿ ಹೋದವು ಹಸುಗಳು’. ಯಾವ ಹಸುವಾದರೂ ಹೀಗೇ ಮಾತಾಡುತ್ತಿತ್ತು ಅನ್ನಲು ಪದ್ಯವೇ ಬಿಡುವುದಿಲ್ಲ.

ಮಾತ್ರೆಗಣ:
ಛಂದಸ್ಸಿನ ಕಡೆಯಿಂದ ಒಂದು ಮಾತು. ‘ಖಂಡವಿದಕೋ ಮಾಂಸವಿದಕೋ’ ಸಾಲಿನ ಮಾತ್ರೆ ಎಣಿಸಿ (ಹ್ರಸ್ವಕ್ಕೆ 1; ದೀರ್ಘಕ್ಕೆ, ಸೊನ್ನೆ ಇರುವುದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ 2): ಖಂಡ 3, ವಿದಕೋ 4, ಮಾಂಸ 3, ವಿದಕೋ 4. ಮುಂದಿನ ಸಾಲು ‘ಗುಂಡಿಗೆಯ ಬಿಸಿರಕ್ತವಿದಕೋ’: ಗುಂಡಿ 3, ಗೆಯ ಬಿಸಿ 4, ರಕ್ತ 3, ವಿದಕೋ 4. ಹಾಡಿನ ಬೇರೆ ಎಷ್ಟೋ ಸಾಲುಗಳಲ್ಲಿ ಮಾತ್ರೆ ಹೆಚ್ಚು ಕಡಿಮೆಯಾಗಿ, ಎಳೆದು ಹಾಡಿ ಸರಿಮಾಡಬೇಕಾಗುತ್ತದೆ. ತನ್ನ ದೇಹವನ್ನೇ ಒಪ್ಪಿಸುವ ಈ ಎರಡು ಸಾಲುಗಳಲ್ಲಿ ಲಯ ಎಲ್ಲೂ ತಡವರಿಸುವುದಿಲ್ಲ. ಮೂರು ಸಲ ‘ಇದಕೋ’, ಮೂರೂ ಒಂದೇ ತೂಕ. ಅಳುವವರ ಉಸಿರು ಹೀಗೆ ಬರುವುದಿಲ್ಲ.

ಆದ್ದರಿಂದ ಶಾಲೆಯ ನಾಟಕಗಳಲ್ಲಿ ಪುಣ್ಯಕೋಟಿಯ ವೇಷ ಹಾಕಿದ ಮಗುವಿಗೆ ಇಡೀ ಹೊತ್ತು ಅಳಲು ಹೇಳಿಕೊಡುವುದು ದೊಡ್ಡ ತಪ್ಪು. ಪಠ್ಯಪುಸ್ತಕಗಳಲ್ಲಿ ಬರುವ ಹಾಡಿನಲ್ಲಿ ಕಣ್ಣೀರು ಹಾಕುವುದು ಯಾರು? ಹುಲಿ. ‘ಕಣ್ಣನೀರನು ಸುರಿಸಿ ನೊಂದು.’ ಹಸು ಮೊದಲೇ ಅತ್ತುಬಿಟ್ಟರೆ ಹುಲಿಯ ಕಣ್ಣೀರಿಗೆ ಬೆಲೆ ಉಳಿಯುವುದಿಲ್ಲ.

ಕರಿಹಲಗೆ:
ಇದು ನನಗೆ ತುಂಬ ಬೇಕಾಗಿತ್ತು, ಧನ್ಯವಾದ. ಕರುವಿನ ಬಗ್ಗೆ ಯಾರಾದರೂ ಹೇಳುತ್ತೀರಾ? ಅದಕ್ಕೆ ಹೆಸರೇ ಇಲ್ಲವಲ್ಲ.

ಸಂಪಿಗೆಮರ:
ಹೆಸರಿಲ್ಲ, ಆದರೆ ಪ್ರಶ್ನೆಗಳಿವೆ! ‘ಆರ ಮೊಲೆಯನು ಕುಡಿಯಲಮ್ಮ, ಆರ ಬಳಿಯಲಿ ಮಲಗಲಮ್ಮ, ಆರ ಸೇರಿ ಬದುಕಲಮ್ಮ, ಆರು ನನಗೆ ಹಿತವರು.’ ನಾಲ್ಕು ಪ್ರಶ್ನೆ, ಯಾವ ಕ್ರಮದಲ್ಲಿ ನೋಡಿ. ಮೊದಲು ಹೊಟ್ಟೆ, ಆಮೇಲೆ ನಿದ್ದೆ, ಆಮೇಲೆ ಬದುಕು, ಕೊನೆಗೆ ಪ್ರೀತಿ. ಮಗು ಕೇಳುವ ಕ್ರಮವೇ ಅದು. ದೊಡ್ಡವರು ಬರೆದಿದ್ದರೆ ‘ಹಿತವರು’ ಮೊದಲು ಬರುತ್ತಿತ್ತು.

ಮೊದಲು ಅದು ವಾದ ಮಾಡುತ್ತದೆ ಅನ್ನುವುದನ್ನೂ ಮರೆಯಬೇಡಿ. ‘ಅಮ್ಮ ನೀನು ಸಾಯಲೇಕೆ’, ಸುಮ್ಮನೆ ಇಲ್ಲೇ ಇದ್ದುಬಿಡು ಅನ್ನುತ್ತದೆ. ಅಮ್ಮ ‘ಕೊಟ್ಟ ಭಾಷೆಗೆ ತಪ್ಪಲಾರೆನು’ ಅಂದ ಮೇಲೆ ಮತ್ತೆ ಸತ್ಯದ ಬಗ್ಗೆ ಚರ್ಚೆಗೆ ಇಳಿಯುವುದಿಲ್ಲ, ನೇರ ಹಾಲಿನ ಪ್ರಶ್ನೆಗೆ ಬರುತ್ತದೆ. ಕರುವಿಗೆ ಸತ್ಯ ಗೊತ್ತಿಲ್ಲ, ಹಾಲು ಗೊತ್ತು.

ಬಿಂದಿಗೆ:
ಎಷ್ಟೋ ಗದ್ಯರೂಪಗಳಲ್ಲಿ ಕರುವಿನ ಈ ಮೊದಲ ಮಾತನ್ನು ಕತ್ತರಿಸಿರುತ್ತಾರೆ. ‘ಕರು ಅತ್ತಿತು. ಪುಣ್ಯಕೋಟಿ ಸಮಾಧಾನ ಮಾಡಿತು’ ಅಂತ ಒಂದೇ ಸಾಲು. ಹುಲಿ ‘ನುಸುಳಿ ಹೋಗುವೆ, ಮತ್ತೆ ಬರುವೆಯ’ ಅಂತ ಅನುಮಾನ ಪಡುವುದೂ ಮಾಯ. ಈ ಎರಡು ಹೋದರೆ ಕಥೆಯಲ್ಲಿ ಪುಣ್ಯಕೋಟಿಗೆ ಎದುರು ಮಾತಾಡುವವರೇ ಉಳಿಯುವುದಿಲ್ಲ. ಎದುರು ಮಾತಿಲ್ಲದ ಕಡೆ ಯಾರ ಸ್ವಭಾವವೂ ಕಾಣುವುದಿಲ್ಲ. ಮಕ್ಕಳಿಗಾಗಿ ಚಿಕ್ಕದು ಮಾಡಬೇಕಾದರೆ ವರ್ಣನೆ ಕಡಿಮೆ ಮಾಡಿ, ಜಗಳ ಉಳಿಸಿ.

ತೆಂಕಣಗಾಳಿ:
ಹಸುಗಳ ಹೆಸರಿನ ಬಗ್ಗೆ ಯಾರೂ ಹೇಳಲೇ ಇಲ್ಲ ಮಾರಾಯ್ರೆ! ಗೊಲ್ಲ ‘ಗಂಗೆ ಬಾರೆ ಗೌರಿ ಬಾರೆ ತುಂಗಭದ್ರೆ ತಾಯಿ ಬಾರೆ’ ಅಂತ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಾನಲ್ಲ. ‘ದನಗಳೇ ಬನ್ನಿ’ ಅಂತ ಅವನು ಕರೆದಿದ್ದರೆ ಪುಣ್ಯಕೋಟಿ ಹುಲಿಯ ಕೈಗೆ ಸಿಕ್ಕಿದ್ದು ನಮಗೆ ಇಷ್ಟು ತಟ್ಟುತ್ತಲೇ ಇರಲಿಲ್ಲ.

ಬಿಂದಿಗೆ:
ಮಕ್ಕಳಿಗೆ ಇದರಿಂದ ಒಳ್ಳೆಯ ಆಟ ಮಾಡಿಸಬಹುದು. ಬಣ್ಣ, ಕೋಡು, ನಡಿಗೆ ನೋಡಿ ಹಸುಗಳಿಗೆ ಹೆಸರಿಡಿ ಅನ್ನಿ. ಕಪ್ಪಾಗಿದ್ದರೆ ಕಾಳಿ, ಬಿಳಿ ಇದ್ದರೆ ಬೆಳ್ಳಿ, ಕೆಂಪಿದ್ದರೆ ಕೆಂಪಿ. ಗಂಗೆ, ತುಂಗಭದ್ರೆ ಹೊಳೆಯ ಹೆಸರು, ಗೌರಿ ದೇವಿಯ ಹೆಸರು. ಪುಣ್ಯಕೋಟಿ ಯಾವ ಗುಂಪಿಗೂ ಸೇರದೆ ಗುಣದ ಹೆಸರಾಗಿ ನಿಲ್ಲುತ್ತದೆ.

ಗಾಳಿಗೋಪುರ:
ಅದೇ ನನ್ನ ತಕರಾರು! ಹೆಸರಿನಲ್ಲೇ ಪುಣ್ಯ ಇದ್ದ ಮೇಲೆ ಅವಳು ಬೇರೆ ಹೇಗೆ ನಡೆದುಕೊಂಡಾಳು? ಮಗುವಿಗೆ ಮೊದಲೇ ತೀರ್ಪು ಗೊತ್ತಾಗಿಬಿಡುತ್ತದೆ.

ಪುಟತಿರುವು:
ಮಗುವಿಗೆ ಗೊತ್ತು, ಹುಲಿಗೆ ಗೊತ್ತಿಲ್ಲ. ಕೇಳುಗರಿಗೆ ಗೊತ್ತಿದ್ದೂ ಹುಲಿ ಅನುಮಾನ ಪಡುವುದರಿಂದಲೇ ಕಥೆಗೆ ಬಿಗಿ ಬಂದಿದೆ. ಪೌರಾಣಿಕ ರೂಪದ ಜೊತೆ ಹೋಲಿಸಿ ನೋಡಿ, ನಮ್ಮ ಹಾಡು ಎಷ್ಟು ದೂರ ಬಂದಿದೆ ಅಂತ ತಿಳಿಯುತ್ತದೆ. ಪದ್ಮಪುರಾಣದಲ್ಲಿ ಇದೇ ಬಗೆಯ ಕಥೆ ಇದೆ. ಅಲ್ಲಿ ಹಸುವಿನ ಹೆಸರು ನಂದಾ. ಹುಲಿ ನಿಜವಾದ ಹುಲಿಯಲ್ಲ, ಪ್ರಭಂಜನ ಎಂಬ ರಾಜ. ಮರಿಗೆ ಹಾಲು ಕುಡಿಸುತ್ತಿದ್ದ ಜಿಂಕೆಯನ್ನು ಹೊಡೆದು ಅದರ ಶಾಪದಿಂದ ಹುಲಿಯಾಗಿದ್ದವನು. ನಂದಾ ಎಂಬ ಹೆಸರು ಕಿವಿಗೆ ಬಿದ್ದಾಗ ಶಾಪ ಕಳೆದು ಮತ್ತೆ ಮನುಷ್ಯನಾಗುತ್ತಾನೆ.

ಅಲ್ಲಿ ಹುಲಿ ಬದಲಾಗುವುದಕ್ಕೆ ಹೊರಗಿನ ಕಾರಣ ಇದೆ: ಶಾಪ, ವಿಮೋಚನೆ. ನಮ್ಮ ಅರ್ಭುತನಿಗೆ ಶಾಪವಿಲ್ಲ, ಹಿಂದಿನ ಜನ್ಮವಿಲ್ಲ, ರಾಜತನವಿಲ್ಲ. ಹಸಿದ ಹುಲಿ, ಅಷ್ಟೇ. ಬದಲಾದದ್ದು ಎದುರಿಗೆ ನಿಂತವಳನ್ನು ಕಂಡು, ತಾನಾಗಿ. ವ್ಯಕ್ತಿತ್ವ ಹಸುವಿಗಿಂತ ಹುಲಿಗೇ ಹೆಚ್ಚು ಅಂತ ನಾನು ಹೇಳುವುದು ಇದಕ್ಕೇ.

ದೊಡ್ಡಿಬಾಗಿಲು:
ಇದು ಗೊತ್ತಿರಲಿಲ್ರಿ. ಶಾಪ ತೆಗೆದು ಹಾಕಿದ್ದು ಕನ್ನಡದ ಹಾಡುಗಾರರ ದೊಡ್ಡ ಕೆಲಸ ಅನ್ನಬೇಕು.

ಮಾತ್ರೆಗಣ:
ಇನ್ನೊಂದು ಗಮನಿಸಿ. ‘ಮೆಚ್ಚನಾ ಪರಮಾತ್ಮನು’ ಎಂಬ ಸಾಲು ಎರಡು ಸಲ ಬರುತ್ತದೆ. ಮೊದಲು ಪುಣ್ಯಕೋಟಿ ಭಾಷೆ ಕೊಡುವಾಗ: ‘ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು.’ ಆಮೇಲೆ ಹುಲಿಯ ಬಾಯಲ್ಲಿ: ‘ಕನ್ನೆಯಿವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು.’ ಹುಲಿ ಅವಳ ಮಾತನ್ನೇ ಕಲಿತಿದೆ. ಮೊದಲು ಅದರ ಬಾಯಲ್ಲಿದ್ದ ಕ್ರಿಯಾಪದಗಳು ‘ಬೀಳಹೊಯ್ವೆನು’, ‘ಸೀಳಿಬಿಡುವೆನು’. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಗಟ್ಟಿಯಾಗಿ ಓದಿಸಿ. ಹುಲಿ ಆ ಮಾತನ್ನು ಕೇಳಿದ್ದರೆ ತಾನೇ ಕಲಿಯುವುದು? ಹೆಚ್ಚಿನ ಪಾಠಾಂತರಗಳಲ್ಲಿ ‘ಸತ್ಯವೇ ನಮ್ಮ ತಾಯಿ ತಂದೆ’ ಹುಲಿಗೆ ಕೊಟ್ಟ ಉತ್ತರವಾಗಿಯೇ ಬರುತ್ತದೆ. ನಿಮ್ಮ ಪುಸ್ತಕದಲ್ಲಿ ಚರಣಗಳ ಕ್ರಮ ಹೇಗಿದೆ ಅಂತ ಮೊದಲು ನೋಡಿಕೊಳ್ಳಿ.

ಸಂಪಿಗೆಮರ:
‘ಕನ್ನೆ’ ಅನ್ನುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಕರು ಹಾಕಿದ ಹಸು ಕನ್ನೆ ಹೇಗಾಗುತ್ತದೆ? ಮಕ್ಕಳು ಕೇಳಿದರೆ ಏನು ಹೇಳುವುದು?

ತೆಂಕಣಗಾಳಿ:
ಪ್ರಾಸಕ್ಕೆ ಹಾಕಿದ್ದು. ಪುಣ್ಯ, ಕಣ್ಣ, ಕನ್ನೆ. ಎರಡನೇ ಅಕ್ಷರ ಹೊಂದಬೇಕಲ್ಲ.

ಮಾತ್ರೆಗಣ:
ಪ್ರಾಸ ಹೌದು, ಆದರೆ ಣಕಾರಕ್ಕೆ ನಕಾರ, ಅಂದರೆ ಸಡಿಲ ಪ್ರಾಸ. ಪ್ರಾಸಕ್ಕೋಸ್ಕರ ಅರ್ಥ ಕೆಟ್ಟಿದೆ ಅಂತ ಹೇಳಲಾರೆ. ಕನ್ನೆ ಅಂದರೆ ಹೆಣ್ಣು, ಹೆಣ್ಣುಮಗಳು ಎಂಬ ವಿಶಾಲ ಅರ್ಥವೂ ಉಂಟು. ‘ಕಳಂಕವಿಲ್ಲದ ಹೆಣ್ಣು’ ಅಂತ ಹೇಳಿದರೆ ಮಕ್ಕಳಿಗೆ ಸಾಕು.

ಪುಟತಿರುವು:
ನನಗೆ ‘ಕನ್ನೆ’ಗಿಂತ ‘ಇವಳು’ ಮುಖ್ಯ. ನಿರೂಪಕ ಪುಣ್ಯಕೋಟಿಗೆ ‘ತಬ್ಬಿಕೊಂಡಿತು’, ‘ಹುಲಿಗೆಂದಿತು’ ಅಂತ ನಪುಂಸಕ ಲಿಂಗವನ್ನೇ ಬಳಸುತ್ತಾನೆ. ಅವಳನ್ನು ‘ಇವಳು’ ಅಂದದ್ದು ಹುಲಿ. ಅದೇ ರೀತಿ ಕರುವನ್ನು ನಿರೂಪಕ ‘ಕರುವೆಂದಿತು’ ಅಂದರೆ ತಾಯಿ ‘ಕಂದನಿರುವನು’ ಅನ್ನುತ್ತಾಳೆ. ಯಾರಿಗೆ ಯಾರು ವ್ಯಕ್ತಿಯಾಗಿ ಕಾಣುತ್ತಾರೆ ಅನ್ನುವುದನ್ನು ಕನ್ನಡದ ಕ್ರಿಯಾಪದದ ತುದಿಯೇ ಹೇಳಿಬಿಡುತ್ತದೆ.

ಗಾಳಿಗೋಪುರ:
ಇಲ್ಲಿ ಎಳೆಯುತ್ತಿದ್ದೀರಿ. ಹುಲಿಗೆ ಒಂದು ಕಡೆ ‘ತಾನಿದ್ದನು’, ಇನ್ನೊಂದು ಕಡೆ ‘ಪೇಳೆಂದಿತು’, ಕೊನೆಗೆ ‘ಪ್ರಾಣವ ಬಿಟ್ಟಿತು’. ಬಾಯಿಂದ ಬಾಯಿಗೆ ಬಂದ ಹಾಡು, ಹಾಡಿದವರು ಮಾತ್ರೆ ಹೊಂದಿಸಲು ಬದಲಾಯಿಸಿರುತ್ತಾರೆ. ಅದರ ಮೇಲೆ ಸಿದ್ಧಾಂತ ಕಟ್ಟಬೇಡಿ.

ಮಾತ್ರೆಗಣ:
ಮಾತ್ರೆಗಾಗಿ ಅಲ್ಲ. ಬಿಟ್ಟಿತು 4, ಬಿಟ್ಟನು 4. ಎಂದಿತು 4, ಎಂದನು 4. ಯಾವುದನ್ನು ಹಾಕಿದರೂ ಲಯ ಕೆಡುವುದಿಲ್ಲ. ಆದರೆ ಹಾಡುಗಾರರ ರೂಢಿಯಿಂದ ಕಲಬೆರಕೆ ಆಗಿರಬಹುದು ಅನ್ನುವ ನಿಮ್ಮ ಮಾತು ನ್ಯಾಯವಾದದ್ದು. ಹುಲಿಯ ವಿಷಯದಲ್ಲಿ ನಾನೂ ಒತ್ತಿ ಹೇಳುವುದಿಲ್ಲ. ‘ಇವಳು’ ಮಾತ್ರ ಗಟ್ಟಿ.

ಅಂಬೆಗಾಲು:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಮಕ್ಕಳ ಕಥೆ ಬರೆಯುವವರಿಗೆ ಇದರಿಂದ ಉಪಯೋಗ ಇದೆಯಾ? ಅಳಿಲು, ಕಾಗೆ, ಆಮೆ ಇರುವ ಕಥೆಯಲ್ಲಿ ಮೂರೂ ಒಂದೇ ಥರ ಮಾತಾಡಿದರೆ ಸರಿಮಾಡೋದು ಹೇಗೆ?

ಬಿಂದಿಗೆ:
ಮೊದಲ ಪರೀಕ್ಷೆ: ಸಂಭಾಷಣೆಯ ಹೆಸರುಗಳನ್ನು ಬೆರಳಿಂದ ಮುಚ್ಚಿ ಓದಿ. ಯಾರ ಮಾತು ಅಂತ ತಿಳಿಯದಿದ್ದರೆ ಆ ಸಾಲು ಸತ್ತಿದೆ. ಆಗ ಅಳಿಲಿಗೆ ‘ತುಂಟ’, ಆಮೆಗೆ ‘ನಿಧಾನ’ ಅಂತ ವಿಶೇಷಣ ಅಂಟಿಸಬೇಡಿ, ಅದರಿಂದ ಏನೂ ಸರಿಹೋಗುವುದಿಲ್ಲ. ಮೂರಕ್ಕೂ ಒಂದೇ ಘಟನೆ ಕೊಟ್ಟು, ಮೊದಲು ಏನನ್ನು ಗಮನಿಸುತ್ತವೆ ಅಂತ ಬೇರೆ ಬೇರೆ ಮಾಡಿ. ಮಾವಿನಹಣ್ಣು ಬಿತ್ತು ಅಂದುಕೊಳ್ಳಿ. ಅಳಿಲು ‘ಯಾವ ಕೊಂಬೆಯದು? ಇನ್ನೂ ಇದೆಯಾ?’ ಅನ್ನುತ್ತದೆ. ಕಾಗೆ ‘ಯಾರು ಯಾರು ನೋಡಿದರು?’ ಅನ್ನುತ್ತದೆ. ಆಮೆ ಹಣ್ಣಿನ ಹತ್ತಿರ ಹೋಗಿ ತಲುಪಿದ ಮೇಲೆ ಮಾತಾಡುತ್ತದೆ, ಅಷ್ಟು ಹೊತ್ತಿಗೆ ಹಣ್ಣಿಗೆ ಇರುವೆ ಮುತ್ತಿದೆ. ಇಲ್ಲಿ ಒಂದೂ ವಿಶೇಷಣ ಇಲ್ಲ.

ಸಂಪಿಗೆಮರ:
ಕರೆಯುವ ರೀತಿಯನ್ನೂ ಬದಲಾಯಿಸಿ. ಕಾಗೆ ಎಲ್ಲರನ್ನೂ ‘ಏನೋ’ ಅನ್ನಲಿ, ಆಮೆ ‘ತಮ್ಮಾ’ ಅನ್ನಲಿ. ಕಥೆಯ ಕೊನೆಗೆ ಕಾಗೆ ಒಂದೇ ಒಂದು ಸಲ ‘ಆಮೆಯಣ್ಣ’ ಅಂದರೆ ಅದೇ ಬದಲಾವಣೆ. ಹುಲಿ ‘ಒಡವೆ’ಯಿಂದ ‘ಅಕ್ಕ’ನಿಗೆ ಬಂದಂತೆ.

ಅಂಬೆಗಾಲು:
ಆಹಾ! ಇದು ಸಾಕು, ಇವತ್ತೇ ತಿದ್ದುತ್ತೇನೆ.

ತೆಂಕಣಗಾಳಿ:
ಕೊನೆಯನ್ನು ಬದಲಾಯಿಸುವವರ ಬಗ್ಗೆ ಏನು ಹೇಳುತ್ತೀರಿ? ಈಗಿನ ಎಷ್ಟೋ ಚಿತ್ರಪುಸ್ತಕ, ವಿಡಿಯೊಗಳಲ್ಲಿ ಹುಲಿ ಸಾಯುವುದೇ ಇಲ್ಲ, ಕ್ಷಮೆ ಕೇಳಿ ಕಾಡಿಗೆ ಹೋಗುತ್ತದೆ. ಸಣ್ಣ ಮಕ್ಕಳಿಗೆ ಸಾವು ಬೇಡ ಅಂತ.

ದೊಡ್ಡಿಬಾಗಿಲು:
ತಪ್ಪು ಅಂತೀನ್ರಿ. ಕಾಡಿಗೆ ಹೋದ ಹುಲಿ ನಾಳೆ ಏನ್ ತಿಂತದ? ಇನ್ನೊಂದು ಹಸುವನ್ನ. ಮಕ್ಕಳು ಇದನ್ನ ಕೇಳೇ ಕೇಳ್ತಾರ. ಅರ್ಭುತಗ ಅದು ಗೊತ್ತಿತ್ತು, ಅದಕ್ಕ ಹಾರಿ ನೆಗೆದು ಪ್ರಾಣ ಬಿಟ್ಟ.

ಸಂಪಿಗೆಮರ:
ಪದ್ಯದಲ್ಲಿ ಅಷ್ಟು ಹೇಳಿಲ್ಲ. ‘ನಿನ್ನ ಕೊಂದು ಏನ ಪಡೆವೆನು’ ಅಂತ ಮಾತ್ರ ಇದೆ. ಉಳಿದದ್ದು ನಿಮ್ಮ ಊಹೆ. ನಾಲ್ಕೈದು ವರ್ಷದ ಮಗುವಿಗೆ ಹೇಳುವಾಗ ಕೊನೆಯನ್ನು ಮೃದು ಮಾಡಿದರೆ ತಪ್ಪೇನಿಲ್ಲ ಅನ್ನುವುದು ನನ್ನ ಅಭಿಪ್ರಾಯ. 5ನೇ ತರಗತಿಗೆ ಮಾತ್ರ ಇದ್ದಂತೆಯೇ ಇಡಬೇಕು.

ಪುಟತಿರುವು:
ಮೃದು ಮಾಡುವುದಾದರೂ ‘ಅಕ್ಕ’ ಎಂಬ ಮಾತನ್ನು ಬಿಡಬೇಡಿ. ಬಹಳಷ್ಟು ವಿಡಿಯೊಗಳು ಅದರ ಜಾಗದಲ್ಲಿ ‘ನನ್ನನ್ನು ಕ್ಷಮಿಸು’ ಅಂತ ಹಾಕುತ್ತವೆ. ಕ್ಷಮೆ ಯಾರು ಬೇಕಾದರೂ ಕೇಳಬಹುದು. ಆಹಾರ ಅಂದವನು ಅಕ್ಕ ಅನ್ನುವುದು ಈ ಹುಲಿ ಮಾತ್ರ.

ಕರಿಹಲಗೆ:
ಎಲ್ಲರಿಗೂ ಕೃತಜ್ಞತೆ. 40 ನಿಮಿಷದ ಒಂದು ಅವಧಿಗೆ ಹೀಗೆ ಯೋಚಿಸಿದ್ದೇನೆ, ತಪ್ಪಿದ್ದರೆ ಹೇಳಿ. ಮೊದಲ 10 ನಿಮಿಷ ಹಾಡು ಪೂರ್ತಿ, ಜೊತೆಗೆ ಒಡವೆ, ಗಬ್ಬಿತನ, ಇದಕೋ, ಹಾಯುವುದು ಈ ನಾಲ್ಕರ ಅರ್ಥ. ಆಮೇಲೆ ಮೂರು ಗುಂಪು. ಒಂದು ಗುಂಪು ಹುಲಿ ಹಸುವನ್ನು ಕರೆದ ಪದಗಳನ್ನು ಹುಡುಕಬೇಕು, ಇನ್ನೊಂದು ಕರುವಿನ ಪ್ರಶ್ನೆಗಳನ್ನು, ಮತ್ತೊಂದು ಪುಣ್ಯಕೋಟಿ ಬೇರೆ ಹಸುಗಳಿಗೆ ಹೇಳಿದ್ದನ್ನು. 15 ನಿಮಿಷ. ಉಳಿದ ಹೊತ್ತಲ್ಲಿ ಪ್ರತಿಯೊಬ್ಬರೂ 5 ಸಾಲು ಬರೆಯಬೇಕು. ಷರತ್ತು: ಒಳ್ಳೆಯ, ಕೆಟ್ಟ, ದುಷ್ಟ, ಸತ್ಯವಂತ ಎಂಬ ಪದ ಬಳಸುವಂತಿಲ್ಲ.

ಬಿಂದಿಗೆ:
ಷರತ್ತು ಚೆನ್ನಾಗಿದೆ. ಆದರೆ 15 ನಿಮಿಷದಲ್ಲಿ ಹುಲಿಯ ಗುಂಪು ನಾಲ್ಕೂ ಪದ ಹುಡುಕುವುದು ಕಷ್ಟ. ‘ಒಡವೆ’ ಸಂಧಿಯಲ್ಲಿ ಅಡಗಿದೆ, ‘ಇವಳು’ ಕೂಡ ‘ಕನ್ನೆಯಿವಳನು’ ಒಳಗಿದೆ. ಆ ಎರಡು ಸಾಲುಗಳನ್ನು ನೀವೇ ಹಲಗೆಯಲ್ಲಿ ಬಿಡಿಸಿ ಬರೆದುಕೊಡಿ.

ಮಾತ್ರೆಗಣ:
ಹಾಡುವಾಗ ಒಂದು ಎಚ್ಚರ. ಎಲ್ಲ ಚರಣಕ್ಕೂ ಒಂದೇ ಓಟ ಹಿಡಿದರೆ ಹುಲಿ, ಹಸು, ಕರು ಮೂವರ ಮಾತೂ ಒಂದೇ ಆಗುತ್ತದೆ. ಧಾಟಿ ಒಂದೇ ಇರಲಿ, ವೇಗ ಬದಲಾಗಲಿ. ‘ಸಿಡಿದು ರೋಷದಿ’ ಬೇಗ, ‘ಆರ ಮೊಲೆಯನು’ ನಿಧಾನ, ‘ಖಂಡವಿದಕೋ’ ಮಾತ್ರ ಮಾತಾಡುವ ವೇಗದಲ್ಲಿ, ಎಲ್ಲೂ ಎಳೆಯದೆ.

ಗಾಳಿಗೋಪುರ:
ಹುಲಿಯ ವಿಷಯದಲ್ಲಿ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಆ ನಾಲ್ಕು ಪದಗಳ ಮುಂದೆ ವಾದ ನಿಲ್ಲುವುದಿಲ್ಲ. ಗೊಲ್ಲನನ್ನು ಮಾತ್ರ ಯಾರೂ ಉಳಿಸಲಿಲ್ಲ ನೋಡಿ. ಹಾಡು ಶುರುವಾಗುವುದೇ ‘ಕಾಳಿಂಗನೆಂಬ ಗೊಲ್ಲನ ಪರಿ’ ಹೇಳುತ್ತೇನೆ ಅಂತ. ಪುಣ್ಯಕೋಟಿ ಸಾಯಲು ಹೊರಟಾಗ ಅವನು ಎಲ್ಲಿದ್ದ?

ದೊಡ್ಡಿಬಾಗಿಲು:
ಕೊಳಲು ಊದಿ ದನ ಕರೆದ, ಬಿಂದಿಗೆ ತುಂಬ ಹಾಲು ಕರಕೊಂಡ. ಅಲ್ಲಿಗೆ ಅವನ ಕೆಲಸ ಮುಗೀತು. ಆಮೇಲೆ ಕಡೀಗೆ ಪುಣ್ಯಕೋಟಿಯೇ ಅವನನ್ನ ಕರದು ಸಂಕ್ರಾಂತಿ ಪೂಜೆ ಬಗ್ಗೆ ಹೇಳ್ತದ.

ಸಂಪಿಗೆಮರ:
ಹಾಗಾದರೆ ಶುರುವಿನಲ್ಲಿ ಅವನು ಅವಳನ್ನು ಕರೆಯುತ್ತಾನೆ, ಕೊನೆಯಲ್ಲಿ ಅವಳು ಅವನನ್ನು ಕರೆಯುತ್ತಾಳೆ! ಕರಿಹಲಗೆ ಅವರೇ, ನಾಲ್ಕನೇ ಗುಂಪಿಗೆ ಇದನ್ನು ಕೊಡಿ.